ಕಣಜದ ಗೋಡೆಯ ಆಚೆ ಬದಿ

ದೆವ್ವ, ಆತ್ಮ ಎಂದರೆ ನಗುತ್ತಿದ್ದವಳು ನಾನು. ಗೋಡೆ ಬಿರುಕು ಬಿಟ್ಟರೆ ಕಾರಣ ಹುಡುಕುವ ಇಂಜಿನಿಯರ್. ಕಾರಣವಿಲ್ಲದ್ದನ್ನು ನಂಬಿದರೆ ನನ್ನ ಹೊಟ್ಟೆಪಾಡು ನಡೆಯುವುದಿಲ್ಲ. ಆದರೂ ಎರಡು ವರ್ಷದ ಹಿಂದೆ ಮಲೇಷ್ಯಾದ ಈಪೋ ಹತ್ತಿರ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಗುವುದಿದ್ದರೆ ನಕ್ಕುಬಿಡಿ.

ಹಿಂದೆ ಯಾರೋ ಇಂಗ್ಲಿಷ್ ದೊರೆ ತನ್ನೂರಿನ ನೆನಪಿಗೆ ಅಲ್ಲೊಂದು ತೋಟದ ಮನೆ ಕಟ್ಟಿಸಿದ್ದ. ನಡುವೆ ಅಂಗಳ, ಸುತ್ತ ಮನೆ, ಲಾಯ, ಕಣಜ, ಎಲ್ಲವೂ ಕೆಂಪು ಇಟ್ಟಿಗೆಯವು. ಆ ಸೆಕೆಯ ನಾಡಿನಲ್ಲಿ ಹಿಮ ಜಾರಲೆಂದು ಕಡಿದಾದ ಚಾವಣಿ ಬೇರೆ! ಕಣಜವನ್ನು ಕೆಡವಬೇಕೋ ಉಳಿಸಬೇಕೋ ಎನ್ನುವುದು ನನ್ನ ವರದಿಯ ಮೇಲೆ ನಿಂತಿತ್ತು. ಉಳಿಯಲಿ ಎಂದು ನನಗೆ ತುಂಬ ಆಸೆಯಿತ್ತು. ಮೈಸೂರಿನಲ್ಲಿ ಗಾರೆ ಮೇಸ್ತ್ರಿಯಾಗಿದ್ದ ನನ್ನಪ್ಪ ಅಂಥದೇ ದಪ್ಪ ಗೋಡೆ ಕಟ್ಟುತ್ತಿದ್ದರು.

ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಅಡ್ಡ ಇಟ್ಟಿಗೆ ಸರಿಯಾಗಿ ಕೂತರೆ, ಅಪ್ಪ ಕರಣೆಯ ಹಿಡಿಯಿಂದ ಎರಡು ಸಲ ತಟ್ಟುತ್ತಿದ್ದರು. ಶಾಲೆಗೆ ರಜೆಯಿದ್ದಾಗ ಆಚೆ ಬದಿ ನಿಂತು ಉತ್ತರ ತಟ್ಟುವುದು ನನ್ನ ಕೆಲಸ. ಅವರು ಲಾಕ್‌ಡೌನ್‌ನಲ್ಲಿ ತೀರಿಕೊಂಡರು. ನಾನು ಮಲೇಷ್ಯಾದಲ್ಲಿದ್ದೆ, ವಿಮಾನವಿರಲಿಲ್ಲ. ಮುಖ ನೋಡಲಾಗಲಿಲ್ಲ.

ಅಂದು ಮಟಮಟ ಮಧ್ಯಾಹ್ನ. ಟೊಳ್ಳು ಪತ್ತೆಮಾಡಲು ಹೊರಗಿನಿಂದ ಗೋಡೆಯನ್ನು ಒಂದೊಂದೇ ಸಲ ತಟ್ಟುತ್ತಾ ಹೊರಟಿದ್ದೆ. ಒಳಗಿನಿಂದ ಎರಡು ತಟ್ಟು ಬಂತು. ಜೊತೆಗಿದ್ದ ಇಂಜಿನಿಯರ್, ಹುಬ್ಬಳ್ಳಿಯ ಸುಹೇಲ್, ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಟ್ಟಿದಲ್ಲೆಲ್ಲ ಉತ್ತರ ಬಂತು. ಒಂದು ಮೂಲೆಯಲ್ಲಿ ಮಾತ್ರ ಎಷ್ಟು ತಟ್ಟಿದರೂ ಬರಲಿಲ್ಲ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ.

ಅಷ್ಟರಲ್ಲಿ ಪಾರ್ಸಲ್ ಮಾಡಿಸಿದ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡಿಸುತ್ತಾ ಗೇಟಿನಿಂದ ಸುಹೇಲ್ ಬಂದ.

"ಮತ್ತೆ ಒಳಗೆ ಯಾರಿದ್ದಾರೆ?" ಎಂದೆ.

"ಯಾರದಾರ್ರೀ ಮೇಡಮ್? ನಾ ಮಾಮಾಕ್ ಹೋಟೆಲ್‌ನಾಗ ಟೀ ತಪಾವ್ ಮಾಡ್ಸಾಕ ಹೋಗಿದ್ದೆ."

ಆಗ ನೆನಪಾಯಿತು, ಕಣಜದ ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಬಾಗಿಲು ತೆಗೆದು ನೋಡಿದರೆ ನೆಲದ ತುಂಬ ಧೂಳು, ಒಂದು ಹೆಜ್ಜೆ ಗುರುತೂ ಇಲ್ಲ.

"ಬಾವಲಿ ಇರಬೇಕ್ ಬಿಡ್ರೀ," ಎಂದ ಸುಹೇಲ್. ಅವನಿಗೇ ಅದರಲ್ಲಿ ನಂಬಿಕೆಯಿರಲಿಲ್ಲ.

ಮರುದಿನ ಆ ಮೂಲೆ ಬಿಚ್ಚಿಸಿದೆವು. ಅಲ್ಲಿ ಅಡ್ಡ ಇಟ್ಟಿಗೆಗಳೆಲ್ಲ ಮುರಿದಿದ್ದವು. ಉಳಿದ ಗೋಡೆ ಕಲ್ಲಿನಷ್ಟು ಗಟ್ಟಿ. ಅಷ್ಟನ್ನು ರಿಪೇರಿ ಮಾಡಿದರೆ ಸಾಕು, ಕೆಡವಬೇಕಿಲ್ಲ ಎಂದು ವರದಿ ಬರೆದೆ. ಪ್ರತಿಧ್ವನಿ ಎನ್ನೋಣವೆಂದರೆ, ಒಂದು ತಟ್ಟಿಗೆ ಎರಡು ಬರುವುದು ಹೇಗೆ? ನನಗೆ ಗೊತ್ತಿಲ್ಲ. ಹೆದರಿಕೆಯಂತೂ ಆಗಲಿಲ್ಲ. ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ, ಅಷ್ಟೇ.

ವರದಿಯಲ್ಲಿ ಗೋಡೆ ತಟ್ಟಿ ನೋಡಿದ ಇಬ್ಬರ ಸಹಿ ಬೇಕು. ನನ್ನದು ಹಾಕಿ ಸುಹೇಲ್‌ಗೆ ಕೊಟ್ಟೆ.

"ನಾ ಎಲ್ಲಿ ತಟ್ಟೀನ್ರೀ ಮೇಡಮ್?" ಎಂದು ಪೆನ್ನು ವಾಪಸ್ ಕೊಟ್ಟ.

ಎರಡನೆಯ ಸಹಿಯ ಸಾಲು ಇವತ್ತಿಗೂ ಖಾಲಿಯಿದೆ.