ಖೈರೂನಬಿಯ ಟಾವೆಲ್ಲಿನ ಹಿಂದೆ

ಮೊನ್ನೆ ಮೊನ್ನೆ ನಮ್ಮ ಕರಜಗಿಯಲ್ಲಿ ಒಂದು ಟಾವೆಲ್ಲು ಸಿನಿಮಾ ಶೋ ಬಂದ್ ಮಾಡಿಸಿತು.

ಹೌದು, ಟಾವೆಲ್ಲೇ. ಸ್ನಾನ ಮಾಡಿ ಮೈ ಒರೆಸಿಕೊಳ್ಳುತ್ತೇವಲ್ಲ, ಅದು. ಹಸಿರು ಬಣ್ಣದ್ದು, ಅಂಚಿಗೆ ಗುಲಾಬಿ ಹೂವು. ದೊಡ್ಡ ದೊಡ್ಡ ವಿಮರ್ಶಕರು ಪೇಪರಿನಲ್ಲಿ ಪುಟಗಟ್ಟಲೆ ಬರೆದರೂ ಆಗದ ಕೆಲಸವನ್ನು ಅದು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು. ನನಗೆ ಮಾತ್ರ ಇನ್ನೂ ಸಮಾಧಾನ ಆಗಿಲ್ಲ.

ನಿಮಗೆ ಗೊತ್ತೇ ಇದೆ, ನಾನು ಸಿನಿಮಾ ಹುಚ್ಚ. ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಬಿಜಾಪುರದ ಟಾಕೀಜುಗಳ ಮುಂದಿನ ಬೆಂಚು, ಊರಲ್ಲಿ ಹುಸೇನಸಾಬರ ವಿಡಿಯೋ ಸೆಂಟರ್, ಇವೆರಡೇ ನನ್ನ ಯೂನಿವರ್ಸಿಟಿ. ಸೆಂಟರ್ ಅಂದರೆ ಏನೋ ಅಂದುಕೊಳ್ಳಬೇಡಿ. ತಗಡಿನ ಶೆಡ್ಡು, ಒಂದು ಕಲರ್ ಟಿವಿ, ಒಂದು ವಿಸಿಡಿ ಪ್ಲೇಯರ್, ನೆಲಕ್ಕೆ ಚಾಪೆ. ಕರೆಂಟ್ ಇದ್ದರೆ ಸಿನಿಮಾ, ಇಲ್ಲದಿದ್ದರೆ ಹರಟೆ.

ಬುಧವಾರ ಮಧ್ಯಾಹ್ನ ಮಾತ್ರ ಅಲ್ಲಿ ಲೇಡೀಸ್ ಶೋ. ಗಂಡಸರಿಗೆ ಪ್ರವೇಶವಿಲ್ಲ. (ಡಿಸ್ಕ್ ಸಿಕ್ಕಿಕೊಂಡರೆ ಬನಿಯನ್ ಅಂಚಿನಿಂದ ಒರೆಸಿ ಮತ್ತೆ ಹಾಕುವುದಕ್ಕೆ ಯಾರಾದರೂ ಬೇಕಲ್ಲ? ಅದಕ್ಕೆ ನನಗೊಂದು ಸ್ಟೂಲು, ಬಾಗಿಲ ಹೊರಗೆ.) ಪಕ್ಕದೂರು ಬಾಲಗಾಂವದಿಂದಲೂ ನಡೆದುಕೊಂಡು ಬರುವ ಹೆಂಗಸರಿದ್ದರು. ಸಾಬರ ಓಣಿಯವರು, ನಮ್ಮ ಕುರಿಗಾರರ ಓಣಿಯವರು, ಎಲ್ಲ ಒಂದೇ ಚಾಪೆಯ ಮೇಲೆ. ಮತ್ತು ಅವರಿಗೆ ಏನು ಬೇಕಿತ್ತು ಗೊತ್ತಾ? ಅಳಿಸುವ ಫ್ಯಾಮಿಲಿ ಸಿನಿಮಾ ಅಲ್ಲ. ದೆವ್ವದ ಸಿನಿಮಾ! ಅಳೋದು ಮನೆಯಲ್ಲೇ ಆಗುತ್ತಂತೆ, ಅದಕ್ಕೆ ಇಷ್ಟು ದೂರ ಯಾಕೆ ಬರಬೇಕು ಅಂತ ನಮ್ಮ ವೈನಿ ಕೇಳುತ್ತಿದ್ದಳು.

ವೈನಿ ಅಂದರೆ ನಮ್ಮಣ್ಣನ ಹೆಂಡತಿ, ಮಹಾನಂದಾ. ಬುಧವಾರ ಬಂತೆಂದರೆ ಅವಳ ರೊಟ್ಟಿ ಬಡಿಯುವ ಸಪ್ಪಳವೇ ಬೇರೆ. ಲಗೂ ಲಗೂ ಕೆಲಸ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಹೊರಟೇಬಿಡುತ್ತಿದ್ದಳು. ಆಮೇಲೆ ವಾರವಿಡೀ ಹೊಲದಲ್ಲಿ ಕಳೆ ತೆಗೆಯುತ್ತ ಉಳಿದ ಹೆಂಗಸರಿಗೆ ಅದೇ ಕಥೆ. ದೆವ್ವ ಹೇಗೆ ನಡೆಯಿತು, ಹೇಗೆ ನಕ್ಕಿತು, ಎಲ್ಲ ಆ್ಯಕ್ಟಿಂಗ್ ಸಮೇತ. ಎಮ್ಮೆಗೆ ನೀರು ಕುಡಿಸುವಾಗ ಕೂಡ ಒಮ್ಮೊಮ್ಮೆ ದೆವ್ವದ ದನಿಯಲ್ಲೇ ಗದರುತ್ತಿದ್ದಳು.

ಮತ್ತೆ ಸೊಸೆಯರನ್ನು ಅತ್ತೆಯರು ಹೇಗೆ ಕಳಿಸುತ್ತಿದ್ದರು? ಅಲ್ಲೇ ಇರೋದು ಟಾವೆಲ್ಲಿನ ಮಹಿಮೆ.

ಹುಸೇನಸಾಬರ ಹೆಂಡತಿ ಖೈರೂನಬಿ ಟಿವಿ ಪಕ್ಕದಲ್ಲಿ ಕೂರುತ್ತಾಳೆ. ತೊಡೆ ಮೇಲೆ ಆ ಹಸಿರು ಟಾವೆಲ್. ಬೆಳಿಗ್ಗೆ ಒಂದು ಸಲ ಸಿನಿಮಾ ನೋಡಿ ಮುಗಿಸಿರುತ್ತಾಳೆ. ಎಲ್ಲಿ ರಕ್ತ ಬರುತ್ತದೋ ಅಲ್ಲಿ ಎದ್ದು, ಎರಡೂ ಕೈಯಲ್ಲಿ ಟಾವೆಲ್ ಅಗಲಿಸಿ ಟಿವಿ ಮುಂದೆ ನಿಂತುಬಿಡುತ್ತಾಳೆ. "ನಕ್ಕೋ ನಕ್ಕೋ, ಇದ ಬ್ಯಾಡ್ರೆವಾ ನಿಮಗ" ಅನ್ನುತ್ತಾಳೆ. ಸೌಂಡ್ ಮಾತ್ರ ಬರುತ್ತಿರುತ್ತದೆ. ಸೀನ್ ಮುಗಿದ ಮೇಲೆ ಟಾವೆಲ್ ಕೆಳಗೆ. ಶೋ ಶುರು ಮಾಡುವಾಗಲೇ ಎಲ್ಲ ಅತ್ತೆಯರಿಗೂ ಅವಳು ಕೊಟ್ಟ ಮಾತಿದು: ನಿಮ್ಮ ಸೊಸೆ ನನ್ನ ಹತ್ತಿರ ರಕ್ತ ನೋಡುವುದಿಲ್ಲ.

(ತಪ್ಪೂ ಮಾಡುತ್ತಿದ್ದಳು. ಒಮ್ಮೆ ಸೀನ್ ತುಂಬ ಕೆಂಪು ಕಂಡಿತೆಂದು ಇಡೀ ಮದುವೆಯನ್ನೇ ಮುಚ್ಚಿಬಿಟ್ಟಳು. ಆ ಮದುಮಗಳು ಸತ್ತಳೆಂದೇ ನಮ್ಮ ಓಣಿಯ ಹೆಂಗಸರು ಇವತ್ತಿಗೂ ನಂಬಿದ್ದಾರೆ.)

ಇನ್ನು ವಿಮರ್ಶಕರ ಕಡೆ ಬರೋಣ.

ಈಚೆಗೆ ಒಂದು ಹಿಂದಿ ದೆವ್ವದ ಸಿನಿಮಾ ಬಂದಿದೆ. ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ಸತ್ತ ಹೆಂಗಸೊಬ್ಬಳು ಸೇಡು ತೀರಿಸಿಕೊಳ್ಳಲು ಬರುತ್ತಾಳೆ. ಅದರ ಮೇಲೆ ಪೇಪರುಗಳಲ್ಲಿ ಜಗಳವೋ ಜಗಳ. ಹಾರರ್ ಅಂದರೆ ಇಷ್ಟೊಂದು ರಕ್ತ, ಕೈಕಾಲು ಕತ್ತರಿಸೋದು ಯಾಕೆ ಅಂತ ಒಬ್ಬರು ನಮ್ಮ ಗಡಿ ಊರಿಗೆ ಬರುವ ಮರಾಠಿ ಪೇಪರಿನಲ್ಲಿ ಬರೆದರು. ಹೆಂಗಸರ, ಮಕ್ಕಳ ಮನಸ್ಸು ಕೆಡುತ್ತದೆ ಅಂದರು. ಇನ್ನೊಬ್ಬರು, ಭಯವೂ ಒಂದು ಕಲೆ, ಬೇಡವಾದವರು ಎದ್ದು ಹೋಗಲಿ ಅಂದರು. ನಾನು ಸುಮ್ಮನಿರುತ್ತೇನಾ? ಹಾರರ್‌ಗೆ ರಕ್ತ ಬೇಡ ಅನ್ನೋದು ಕುಸ್ತಿಗೆ ಕೆಮ್ಮಣ್ಣು ಬೇಡ ಅಂದ ಹಾಗೆ ಅಂತ ಇದೇ ಅಂಕಣದಲ್ಲಿ ಬರೆದೆ. ಭಾಳ ಜೋರಾಗಿ ಬರೆದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನನ್ನ ಅಂಕಣವನ್ನು ಊರಲ್ಲಿ ಯಾರೂ ಓದಲಿಲ್ಲ ಬಿಡಿ. ಆದರೆ ಮರಾಠಿ ಪೇಪರನ್ನು ಶಾಮರಾವ ಕಾಕಾ ಓದಿದರು.

ಕಾಕಾ ರಿಟೈರಾದ ತಲಾಠಿ, ಊರ ಜಮೀನಿನ ಲೆಕ್ಕ ಬರೆದವರು. ದಿನಾ ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ ಕೂತು ಗಟ್ಟಿಯಾಗಿ ಪೇಪರ್ ಓದುತ್ತಾರೆ, ಮರಾಠಿ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಆ ದಿನ ಸಿನಿಮಾದ ಹೆಸರು ಬಂದಿದ್ದೇ ಯಾರೋ ಅಂದರು, "ಕಾಕಾ, ಇದ ಸಿನೇಮಾ ಈ ಬುಧವಾರ ಹುಸೇನಸಾಬ ಹೆಣ್ಮಕ್ಕಳಿಗಿ ತೋರಸಾಂವ ಅದಾನ್ರಿ."

ಕಾಕಾ ಕನ್ನಡಕ ತೆಗೆದರು. "ಹೌದಾ? ಹಂಗಾರ ನಡೀರಿ, ನಾವ ಹೋಗಿ ನೋಡೂನು."

ಕೆಟ್ಟ ಮನುಷ್ಯರಲ್ಲ ಕಾಕಾ. ನೋಡದೆ ಏನೂ ಹೇಳಬಾರದು ಅನ್ನುವವರು. ಅದು ನನಗೆ ಇಷ್ಟವೇ ಆಯಿತು. ಎಷ್ಟು ಜನ ವಿಮರ್ಶಕರು ಅಷ್ಟು ಮಾಡುತ್ತಾರೆ ಹೇಳಿ?

ಬುಧವಾರ ಕಾಕಾ ಬಂದರು. ಜೊತೆಗೆ ತಲೆಗೆ ಪಟಗಾ ಸುತ್ತಿದ ಹಿರಿಯರಿಬ್ಬರು. ಅವರಿಗೆ ಕುರ್ಚಿ. ಹೆಂಗಸರೆಲ್ಲ ಗೋಡೆಗೆ ಸರಿದು ಸೆರಗು ಎಳೆದುಕೊಂಡರು. ಕೆಲಸ ಕೆಟ್ಟಿತು ಅಂತ ನನಗೆ ಅಲ್ಲೇ ಗೊತ್ತಾಯಿತು. ಯಾಕೆಂದರೆ ಈ ಶೋದ ಅರ್ಧ ಮಜಾ ಹೆಂಗಸರ ಕೂಗಾಟದಲ್ಲೇ ಇತ್ತು. ದೆವ್ವ ಬಂದರೆ ಕಿರುಚುತ್ತಿದ್ದರು, ಕಿರುಚಿದವಳನ್ನು ನೋಡಿ ಉಳಿದವರು ನಗುತ್ತಿದ್ದರು. ಆ ದಿನ ಒಬ್ಬರೂ ಪಿಟ್ಟೆನ್ನಲಿಲ್ಲ. ತಗಡಿನ ಶೆಡ್ಡಿನೊಳಗೆ ಬರೀ ಟಿವಿಯ ಸದ್ದು.

ಕಟ್ಟಿಗೆ ಅಡ್ಡೆಯ ಸೀನ್ ಬಂತು. ಖೈರೂನಬಿ ಎದ್ದಳು. ಟಾವೆಲ್ ಅಗಲವಾಯಿತು.

ಹಿಂದಿನಿಂದ ಗರಗಸದ ಮಷೀನ್ ಶುರುವಾದ ಶಬ್ದ. ಒಬ್ಬ ಗಂಡಸು ದೇವರನ್ನು ಕರೆಯುತ್ತಿದ್ದಾನೆ. ಆಮೇಲೆ ಒಂದು ಚೀರಾಟ, ನೆಲಕ್ಕೆ ಏನೋ ಬಿದ್ದ ಸಪ್ಪಳ, ಆಮೇಲೆ ಒಂದು ನಗು. ಟಾವೆಲ್ಲಿನ ಮೇಲೆ ಗುಲಾಬಿ ಹೂವು. ನಿಜ ಹೇಳಲಾ? ಬಿಜಾಪುರದಲ್ಲಿ ಈ ಸಿನಿಮಾ ನೋಡಿ ಬಂದ ನನಗೇ ಮೈ ಜುಮ್ಮೆಂದಿತು.

"ಏನಾತವಾ ಅಲ್ಲಿ?" ಕಾಕಾ ಕೇಳಿದರು. ದನಿ ಸಣ್ಣದಾಗಿತ್ತು.

"ಹೇಳಾಕ ಬರಂಗಿಲ್ರಿ ಕಾಕಾ."

"ಟಾವೆಲ್ ತಗೀ. ನಾವು ನೋಡಾಕಂತನ ಬಂದೀವಿ."

"ತಗದ್ರ ಇವರಿಗೂ ಕಾಣತೈತ್ರಿ." ಖೈರೂನಬಿ ಗೋಡೆಯ ಕಡೆ ಗದ್ದ ತಿರುಗಿಸಿದಳು. "ಇವರ ಅತ್ತೆಂದ್ರಿಗಿ ನಾ ಮಾತ ಕೊಟ್ಟೀನ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನು? ಏನೂ ಇಲ್ಲ. ಅದೇ ಕಷ್ಟ.

ನಾನು ಬಾಗಿಲಿನಿಂದ ಕೂಗಿದೆ, "ಕಾಕಾ, ಏನೂ ಇಲ್ರಿ ಅದರಾಗ! ಬರೇ ರಬ್ಬರಿನ ಕೈ!"

ಕಾಕಾ ನನ್ನ ಕಡೆ ತಿರುಗಿದರು. "ರಬ್ಬರಿನ ಕೈ ಇದ್ರ ಇಕಿ ಯಾಕ ಮುಚ್ಚತಾಳಪಾ?"

ಇಷ್ಟು ವರ್ಷ ಸಿನಿಮಾ ಬಗ್ಗೆ ಓದಿದ್ದೇನೆ, ಇದಕ್ಕೆ ಏನು ಹೇಳಬೇಕಿತ್ತು ನೀವೇ ಹೇಳಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಲೋಡ್ ಶೆಡ್ಡಿಂಗ್. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ನಾನು ಕಾಕಾನ ಹಿಂದೆ ಬಿದ್ದೆ. "ನಾಳೆ ಕರೆಂಟ್ ಬಂದ ಕೂಡ್ಲೆ ಬರ್ರಿ ಕಾಕಾ. ನಿಮಗ ಒಬ್ಬರಿಗೇ ಅದ ಸೀನ್ ಹಾಕ್ತೀನಿ. ಟಾವೆಲ್ ಇಲ್ದ. ನೋಡಿ ನಗತೀರಿ."

ಕಾಕಾ ಚಪ್ಪಲಿ ಮೆಟ್ಟುತ್ತ ಅಂದರು, "ಬ್ಯಾಡೋ ತಮ್ಮಾ. ಕಿವೀಲೆ ಕೇಳಿದ್ದ ಸಾಕಾಗೇತಿ. ನನಗೂ ನಿದ್ದಿ ಬರಬೇಕಲ್ಲ."

ಅವರು ಸುಳ್ಳು ಹೇಳಲಿಲ್ಲ. ಕಾಕಾಗೆ ನಿಜವಾಗಿ ಭಯವಾಗಿತ್ತು. ಆ ಟಾವೆಲ್ಲಿನ ಹಿಂದೆ ಅವರ ತಲೆ ತಾನೇ ಒಂದು ಸಿನಿಮಾ ತೆಗೆದಿತ್ತು. ಅದರಲ್ಲಿ ಎಷ್ಟು ರಕ್ತ ಹರಿದಿತ್ತೋ, ಯಾರ್‍ಯಾರ ಕೈ ಹೋಗಿತ್ತೋ, ನನಗೆ ಹೇಗೆ ಗೊತ್ತಾಗಬೇಕು? ಅದನ್ನು ನಾನು ಯಾವ ಡಿಸ್ಕಿನಲ್ಲಿ ಹಾಕಿ ತೋರಿಸಲಿ?

ಸಂಜೆಯೊಳಗೆ ಹಿರಿಯರು ಕೂತು ಮಾತಾಡಿದರು. ಲೇಡೀಸ್ ಶೋ ಬಂದ್. ಹುಸೇನಸಾಬರು "ಆಗಲಿ ಬಿಡ್ರಿ" ಅಂದರಂತೆ. ಮರುದಿನ ನೋಡಿದರೆ ಅದೇ ಟಾವೆಲ್ ಅವರ ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಖೈರೂನಬಿ ನನ್ನನ್ನು ಕಂಡು, "ಹೋಗ್ಲಿ ಬಿಡ್ ಬೇಟಾ, ಇನ್ನ ಮೈ ಒರಸಾಕರ ಆಕ್ಕೇತಿ" ಅಂದಳು. ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಗಂಡಸರ ಶೋ? ಅದು ನಡೆಯುತ್ತಿದೆ. ಅದೇ ಸಿನಿಮಾ. ಟಾವೆಲ್ ಇಲ್ಲದೆ. ಗರಗಸದ ಸೀನ್ ಬಂದಾಗ ನಮ್ಮ ಹುಡುಗರು ಬಿದ್ದು ಬಿದ್ದು ನಗುತ್ತಾರೆ.

ಪೇಪರಿನಲ್ಲಿ ಜಗಳವೂ ನಡೆಯುತ್ತಿದೆ. ಎಷ್ಟು ತೋರಿಸಬೇಕು, ಎಷ್ಟು ಮುಚ್ಚಬೇಕು. ಹೆಂಗಸರ ಮನಸ್ಸಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನೂ ಬರೆದೆ. ಚಾಪೆಯ ಮೇಲೆ ಕೂತವರನ್ನು ಮಾತ್ರ ಯಾರೂ ಕೇಳಲಿಲ್ಲ. ಅಷ್ಟೇ ಅಲ್ಲ, ಮುಚ್ಚಿದ್ದೇ ಇಲ್ಲಿ ಇಷ್ಟು ದೊಡ್ಡದಾಗಿ ಕಂಡಿತಲ್ಲ, ಅದನ್ನು ಯಾವ ಪಕ್ಷದ ಲೆಕ್ಕಕ್ಕೆ ಹಾಕೋಣ? ರಕ್ತ ಬೇಕು ಅನ್ನುವವರ ಲೆಕ್ಕಕ್ಕೋ, ಬೇಡ ಅನ್ನುವವರ ಲೆಕ್ಕಕ್ಕೋ?

ಈ ಬುಧವಾರ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆ. ವೈನಿ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ದಿನದ ಸೀರೆ. ರೊಟ್ಟಿ ಬಡಿಯುವ ಸಪ್ಪಳವೂ ಬೆಳಿಗ್ಗೆ ದಿನದಂತೆಯೇ ಇತ್ತು. ಆಮೇಲೆ ಅವಳು ಒಳಗೆ ನಮ್ಮವ್ವ ಇದ್ದಾಳೋ ಇಲ್ಲವೋ ನೋಡಿ, ಮೆಲ್ಲಗೆ ಕೇಳಿದಳು.

"ತಮ್ಮಾ, ಖರೇ ಹೇಳು. ಆವತ್ತ ಕಾಕಾಗ ಏನೋ ಕೂಗಿ ಹೇಳಿದಿ, ಟಾವೆಲ್ ಹಿಂದ ಖರೇನ ಏನಿತ್ತು?"

ಹೇಳಬೇಕೋ ಬೇಡವೋ? ಅವಳ ಮುಖ ನೋಡಿದೆ. ಹೇಳಿದೆ.

"ಅದ ರಬ್ಬರಿನ ಕೈ ವೈನಿ. ಅದಕ್ಕ ವಾಚ್ ಬ್ಯಾರೆ ಕಟ್ಟಿದ್ರು. ರಕ್ತ ಅಂತ ರಂಗಪಂಚಮಿ ಬಣ್ಣ ಸುರುವಿದ್ರು. ಕೈ ಕಡದ ಕೆಳಗ ಬೀಳತೈತಿ, ಮತ್ತ ಆ ಚೀರಿದ ಮನಶ್ಯಾನ ಅಂಗಿ ತೋಳಿನಾಗ ಅಂವನ ಖರೇ ಕೈ ಕಾಣತೈತಿ."

ವೈನಿ ನಗಲಿಲ್ಲ. ಕೈಯಲ್ಲಿದ್ದ ಶೇಂಗಾಕಾಯಿ ಒಡೆಯದೆ ಹಾಗೇ ಹಿಡಿದುಕೊಂಡಿದ್ದಳು.

"ಅಷ್ಟ?"

"ಅಷ್ಟ."

"ಅಷ್ಟಕ್ಕ ನಮ್ಮ ಬುಧವಾರ ಹೋತಾ?"

ವಿಮರ್ಶಕರೇ, ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ಬುಧವಾರ ಮಧ್ಯಾಹ್ನ ಕರಜಗಿಗೆ ಬಂದು ಹೇಳಿ ಹೋಗಿ. ನಮ್ಮ ವೈನಿ ಈಗ ಮನೆಯಲ್ಲೇ ಇರುತ್ತಾಳೆ.