ತಂತಿಯಿಲ್ಲದ ಇಂಟರ್‌ನೆಟ್ಟೂ ನನ್ನ ಅನುಮಾನವೂ

ನಾಲ್ಕನೇ ಕ್ಲಾಸು ದಾಟದ ನನಗೆ ಮೊಮ್ಮಗಳ ಕಂಪ್ಯೂಟರ್ ಅಂಗಡಿಯೆಂದರೆ ಹೇಳಲಾರದಷ್ಟು ಹಿಗ್ಗು. ಕಾನಹೊಸಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇಟ್ಟಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ನಾನೇ ಡಂಗುರ ಹೊಡೆದಿದ್ದೆ. ಆದರೆ ಇಂಟರ್‌ನೆಟ್ಟಿಗೆ ತಂತಿಯೇ ಬೇಡ ಎಂದು ಅವಳು ಅಂದಾಗ ಅನುಮಾನ ಹತ್ತಿತು. ಕರೆಂಟಿಗೆ ತಂತಿ ಉಂಟು, ಫೋನಿಗೆ ತಂತಿ ಉಂಟು. ಇದೊಂದು ಹೇಗೆ ಬರುತ್ತದೆ?

“ಟವರ್ ಸಿಗ್ನಲ್ ಬಿಡತೈತಿ ತಾತಾ. ಮಾಳಿಗಿ ಮ್ಯಾಲಿನ ಆಂಟೆನಾ ಹಿಡೀತೈತಿ. ಈ ಮೋಡೆಮ್ ಅದನ್ನ ಕಂಪ್ಯೂಟರಿಗೆ ಮುಟ್ಟಸತೈತಿ.”

“ನಡುವ ಯಾರಾದ್ರೂ ಹಿಡಕಂಡ್ರ?”

“ಅದಕ್ಕ ಪಾಸ್‌ವರ್ಡ್ ಐತಿ.”

“ಏನದು? ಹೇಳು.”

“ಯಾರಿಗೂ ಹೇಳಬಾರದು.”

ಸ್ವಂತ ತಾತನಿಗೂ ಹೇಳಬಾರದ ಮಾತು ಎಂಥದ್ದೋ! ಎರಡು ದಿನ ಅವಳ ಬೆರಳನ್ನೇ ನೋಡಿದೆ. ಪರದೆಯ ಮೇಲೆ ಬರೀ ಚುಕ್ಕಿ ಬಿದ್ದವು.

ಅಮಾವಾಸ್ಯೆಯ ಬೆಳಿಗ್ಗೆ ಮೋಡೆಮ್ಮಿನ ಹಸಿರು ದೀಪ ಕೆಂಪಾಯಿತು. ಆಂಟೆನಾ ಕೂರಿಸಿದ್ದ ಕಂಪನಿಯ ಹುಡುಗ ಹೊಸಪೇಟೆಯಿಂದ ಬಂದ. ಕೇಬಲ್ ಕಿತ್ತ, ಚುಚ್ಚಿದ, ಲ್ಯಾಪ್‌ಟಾಪ್ ತೆರೆದು ಮುಖ ಕಿವುಚಿದ.

“ಇಲ್ಲಿ ಸಿಗ್ನಲ್ ನಿಲ್ಲವಲ್ಲದು ಯಜಮಾನ್ರೇ. ಸಂಜಿಮಟ ನೋಡ್ತೀನಿ, ಬರಲಿಲ್ಲಂದ್ರ ಎಲ್ಲಾ ಬಿಚ್ಚಿಕಂಡು ಹೋಗ್ತೀನಿ. ಕೊಟ್ಟೂರಾಗ ಒಬ್ಬರು ಇದಕ್ಕ ಕಾಯಾಕ ಹತ್ಯಾರ.”

ಮೊಮ್ಮಗಳ ಮುಖ ಸಣ್ಣದಾಯಿತು. ನೆಟ್ಟಿಲ್ಲದ ಮೇಲೆ ಆ ಅಂಗಡಿಯಲ್ಲಿ ಏನಿದೆ, ಮೇಜು ಕುರ್ಚಿ! ನನಗೆ ಥಟ್ಟನೆ ಹೊಳೆಯಿತು: ಕೊಟ್ಟೂರಿನವರೇ ಇವನ ಕೈ ಬೆಚ್ಚಗೆ ಮಾಡಿರಬೇಕು. ಬೇಕಂತಲೇ ಕೆಡಿಸುತ್ತಿದ್ದಾನೆ.

ಆಂಟೆನಾ ನೋಡಲು ಅವನು ಮಾಳಿಗೆ ಹತ್ತಿದಾಗ, ಮೊಣಕಾಲು ನೋವು ಮರೆತು ನಾನೂ ಹಿಂದೆಯೇ ಹತ್ತಿದೆ. ಏನು ಬಿಚ್ಚುತ್ತಾನೋ ಕಾಣಬೇಕಲ್ಲ!

ಮೇಲೆ ಹೋದರೆ, ಆಂಟೆನಾದ ಮುಖಕ್ಕೆ ಸರಿಯಾಗಿ ಒಂದು ದೊಡ್ಡ ಬೂದುಗುಂಬಳಕಾಯಿ ಜೋತಾಡುತ್ತಿತ್ತು. ಅರಿಸಿನ, ಕುಂಕುಮ, ವಿಭೂತಿ ಬೇರೆ.

“ಇದ್ಯಾರು ಕಟ್ಟಿದ್ದು?” ಹುಡುಗ ಬಾಯಿ ಬಿಟ್ಟ.

ಕೆಳಗಿನಿಂದ ನನ್ನ ಹೆಂಡತಿ ಕೂಗಿದಳು: “ನಾನ! ರೋಡಿನ ಕಣ್ಣೆಲ್ಲಾ ಆ ಡಬ್ಬಿ ಮ್ಯಾಲೇ ಐತಿ. ದೃಷ್ಟಿ ಆಗಬಾರದಂತ ನಸುಕಿನಾಗ ಕಟ್ಟೀನಿ. ಯಾಕ, ಹಗ್ಗ ಸಡಿಲಾಗೈತೇನು?”

“ಅಮ್ಮಾ, ಇದರ ತುಂಬಾ ನೀರು. ಸಿಗ್ನಲ್ ದಾಟಾಂಗಿಲ್ಲ. ಆಂಟೆನಾಕ್ಕೂ ಟವರಿಗೂ ನಡುವ ಏನೂ ಇರಬಾರದು.”

“ತಪ್ಪು ಕುಂಬಳಕಾಯಿ ಮ್ಯಾಲೆ ಹಾಕತೀಯೇನಪ್ಪಾ? ಸರಿಸು, ನೋಡೋಣು,” ಎಂದೆ.

ಸರಿಸಿದ. ಒಂದಿಷ್ಟು ಹೊತ್ತಿಗೆ ಕೆಳಗಿನಿಂದ ಮೊಮ್ಮಗಳು ಚೀರಿದಳು: “ತಾತಾ, ಹಸಿರು!”

ಅಷ್ಟಕ್ಕೇ ನಂಬುವವನೇ ನಾನು? “ಮತ್ತ ಮುಂದಕ್ಕ ತಾ.” ತಂದ. “ಅಯ್ಯೋ, ಹೋತು!” ಸರಿಸಿದ. “ಬಂತು!” ಮೂರನೇ ಸಲ ನಾನೇ ಕಾಯಿಗೆ ಕೈಹಾಕಿ, ಮುಂದಕ್ಕೆ ತಂದು ಸರಿಸಿ ನೋಡಿದೆ. ಬಂತು! ನಿಂತಲ್ಲೇ ಕುಣಿಯುವಂತಾಯಿತು.

ಕಟ್ಟಿದ್ದನ್ನು ಬಿಚ್ಚಲು ಹೆಂಡತಿ ಒಪ್ಪಲಿಲ್ಲ. ಹುಡುಗ ನಕ್ಕು ಕಾಯಿಯನ್ನು ಆಂಟೆನಾದ ಕಂಬದ ಹಿಂದಕ್ಕೆ ತಿರುಗಿಸಿ ಕಟ್ಟಿದ. ಕೆಳಗೆ ಮೊಮ್ಮಗಳು ಆಗಲೇ ಗಿರಾಕಿಗೆ ಕುರ್ಚಿ ಎಳೆಯುತ್ತಿದ್ದಳು.

ಅವನಿಗೆ ಹೋಳಿಗೆ ಊಟ ಹಾಕಿಸಿ, ಜೊತೆಗಿಷ್ಟು ಕಟ್ಟಿಸಿದೆ. ಆ ಗಂಟನ್ನು ಅವನ ಚೀಲದಲ್ಲಿ ಇಡುವ ನೆಪದಲ್ಲಿ ಒಳಗೆಲ್ಲ ಕೈಯಾಡಿಸಿ, ನಮ್ಮದೇನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಸ್ಸು ಹತ್ತಿಸಿದೆ.