ಗುಡ್ಡದ ಮೇಲಿಂದ ಬಂದ ದನಿ

“ಹಲೋ, ಮೇರೀ ಆವಾಜ್ ಆ ರಹೀ ಹೈ? ಓವರ್ರ್!” ಸವಣೂರಿನ ಮಾಜಿ ಸೈನಿಕ ಚನ್ನಬಸಪ್ಪನವರು ಗುಡ್ಡದ ಅರ್ಧದಲ್ಲಿ ನಿಂತು, ಹಿಂದೆ ಬಿದ್ದವರನ್ನು ‘ನನ್ನ ದನಿ ಕೇಳಿಸ್ತದೇನು’ ಎಂದು ವೈರ್‌ಲೆಸ್‌ನ ಹಿಂದಿಯಲ್ಲಿ ತಮಾಷೆಗೆ ಕೂಗಿದರು. ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಹಿರೇಕೆರೂರಿನ ನಿಂಗಪ್ಪನವರು ಗಕ್ಕನೆ ನಿಂತರು.

ನಮ್ಮ ಭಾಗದ ಮಾಜಿ ಸೈನಿಕರಿಗೆಂದು ನಾವು ಗೆಳತಿಯರು ದುಂಡಸಿ ಬಳಿ ಏರ್ಪಡಿಸಿದ್ದ ಎರಡು ದಿನದ ಚಾರಣ ಅದು. ನಿಂಗಪ್ಪನವರು ಮೊಣಕಾಲು ನೋವು ಮರೆತು ದಡದಡ ಹತ್ತಿ ಹೋದರು.

“ಈ ‘ಓವರ್ರ್’ ನಾ ಮರೆತಿಲ್ರಿ. ಕಾಶ್ಮೀರದಾಗ ನಮ್ಮ ಪೋಸ್ಟು ಹಿಮದಾಗ ಮುಚ್ಚಿದಾಗ, ಮಲಗಿದ್ರ ಜೀವ ಹೋಗ್ತದ, ಮಲಗಬ್ಯಾಡ ಅಂತ ಬೆಳಗಾಗೂತನಕ ವೈರ್‌ಲೆಸ್‌ನಾಗ ಹಿಂದಿಯೊಳಗ ಮಾತಾಡಿಸಿದವ್ರು ನೀವ ಅಲ್ಲೇನ್ರಿ?”

ಚನ್ನಬಸಪ್ಪನವರು ಬೆರಗಾಗಿ ನೋಡಿದರು. ಆಮೇಲೆ ಅವರನ್ನು ಬಾಚಿ ತಬ್ಬಿಕೊಂಡರು. “ಅವತ್ತ ಕನ್ನಡದಾಗ ಒಂದ ಬೈಗುಳ ಬೈದಿದ್ರ ಸಾಕಾಗಿತ್ತಲ್ಲೋ ತಮ್ಮಾ, ನಮ್ಮ ಕಡೆಯವ ಅಂತ ತಿಳೀತಿತ್ತು, ಇಷ್ಟು ವರ್ಷ ನಾ ನಿನ್ನ ಹುಡುಕೂದು ತಪ್ಪತಿತ್ತು!”

ಇಬ್ಬರೂ ನಗುತ್ತಿದ್ದರು, ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಗುಡ್ಡದ ತುದಿ ಯಾರಿಗೂ ನೆನಪಾಗಲಿಲ್ಲ. ಅಲ್ಲೇ ಸವಣೂರು ಖಾರದ ಪೊಟ್ಟಣ ಬಿಚ್ಚಿ, ಆ ಕುರುಕಲು ಮೆಲ್ಲುತ್ತ ಎಲ್ಲರೂ ಕುಳಿತೆವು.

ಈಗ ಬಸ್ಸಿನಲ್ಲಿ ಯಾರಾದರೂ ಹಿರಿಯರು ಗಟ್ಟಿಯಾಗಿ ಮಾತಾಡಿದರೆ ನನಗೆ ಕಿರಿಕಿರಿಯಾಗುವುದಿಲ್ಲ. ಆ ದನಿ ಎಲ್ಲಿ ಯಾರನ್ನು ಬದುಕಿಸಿದೆಯೋ, ಯಾರಿಗೆ ಗೊತ್ತು!